ಏಳರಿಂದ ಶುರುವಾಗುವ ಮಗ್ಗಿ

ವಿಡಿಯೊ ಗೇಮ್ ವಿಮರ್ಶಕರ ಬಳಿ ಹತ್ತು ಮನೆಗಳ ಅಳತೆಗೋಲೊಂದಿದೆ. ಒಂದರಿಂದ ಆರರವರೆಗಿನ ಮನೆಗಳು ಶಾಸ್ತ್ರಕ್ಕೆ ಮಾತ್ರ. ಅಲ್ಲಿ ಯಾರೂ ವಾಸವಿಲ್ಲ. ಏಳು ಎಂದರೆ ‘ಆಟ ಕೆಟ್ಟದಾಗಿದೆ, ಆದರೆ ಹಾಗೆನ್ನಲು ಧೈರ್ಯವಿಲ್ಲ’. ಎಂಟು ಎಂದರೆ ‘ಆಟ ಇದೆ’. ಒಂಬತ್ತು ಎಂದರೆ ‘ತುಂಬಾ ಖರ್ಚು ಮಾಡಿದ್ದಾರೆ ಪಾಪ’. ಹತ್ತು ಎಂದರೆ ‘ಚಿಕ್ಕವನಿದ್ದಾಗ ಇದರ ಮೊದಲ ಭಾಗ ಆಡಿದ್ದೆ’. ನಾನೂ ಈ ಗೋಲನ್ನು ಹಿಡಿದು ಹಲವು ವರ್ಷಗಳಾದವು. ಒಮ್ಮೆ ಕೈತಪ್ಪಿ ಐದು ಕೊಟ್ಟಿದ್ದೆ. ಯಾರಾದರೂ ತೀರಿಕೊಂಡರೇ ಎಂದು ಸಂಪಾದಕರು ಫೋನ್ ಮಾಡಿ ವಿಚಾರಿಸಿದರು.

ಈ ಗೋಲಿನ ಪವಾಡವೆಂದರೆ ಅದಕ್ಕೆ ಜಾತಿಭೇದವಿಲ್ಲ. ಫುಟ್‌ಬಾಲ್ ಆಟ, ಕಾರ್ ರೇಸು, ಕುಸ್ತಿ, ಭೂತದ ಬಂಗಲೆ, ಕ್ಯಾರೆಟ್ ಬೆಳೆಯುವ ಹೊಲ, ಎಲ್ಲವೂ ಒಂದೇ ಗೋಲಿಗೆ ತಲೆಬಾಗಬೇಕು. ಹಾಲು, ಬಟ್ಟೆ, ಸಂಗೀತ ಮೂರನ್ನೂ ಒಂದೇ ಸೇರಿನಲ್ಲಿ ಅಳೆದು ‘ಸಂಗೀತ ಅರ್ಧ ಪಾವು ಕಡಿಮೆ’ ಎಂದು ತೀರ್ಪು ಕೊಟ್ಟಂತೆ. ನಮ್ಮ ನಮೂನೆಯಲ್ಲಿ ಐದು ಅಂಕಣಗಳಿವೆ: ಕಥೆ, ಪಾತ್ರಪೋಷಣೆ, ಗ್ರಾಫಿಕ್ಸ್, ಧ್ವನಿ, ಮತ್ತೆ ಆಡುವ ಆಸೆ. ಯಾವುದನ್ನೂ ಖಾಲಿ ಬಿಡುವಂತಿಲ್ಲ. 1984ರಲ್ಲಿ ಹುಟ್ಟಿದ, ಮೇಲಿಂದ ಬೀಳುವ ತುಂಡುಗಳನ್ನು ಜೋಡಿಸುವ ಟೆಟ್ರಿಸ್ ಆಟ ಇಂದು ನನ್ನ ಮೇಜಿಗೆ ಬಂದಿದ್ದರೆ ಹೀಗೆ ಬರೆಯಬೇಕಾಗುತ್ತಿತ್ತು: ಕಥೆ, ಇಲ್ಲ. ಪಾತ್ರಪೋಷಣೆ, ಉದ್ದನೆಯ ಕಡ್ಡಿ ಭರವಸೆ ಮೂಡಿಸುತ್ತದೆ, ಆದರೆ ಬೇಕೆಂದಾಗ ಬರುವುದಿಲ್ಲ. ಒಟ್ಟು 6.5.

ಫುಟ್‌ಬಾಲ್ ಆಟದ್ದು ಸುಲಭ. ಪ್ರತಿ ವರ್ಷ ಬರುತ್ತದೆ, ಹಬ್ಬದ ಹಾಗೆ. ಕಳೆದ ವರ್ಷದ ವಿಮರ್ಶೆಯನ್ನು ತೆಗೆದು ಇಸವಿ ತಿದ್ದಿದರೆ ಮುಕ್ಕಾಲು ಕೆಲಸ ಮುಗಿಯಿತು. 2023ರಲ್ಲಿ ಫಿಫಾ ಎಂಬ ಹೆಸರು ಹೋಗಿ ಇಎ ಸ್ಪೋರ್ಟ್ಸ್ ಎಫ್‌ಸಿ ಎಂದಾದಾಗ ಮಾತ್ರ ಹೆಸರನ್ನೂ ತಿದ್ದಬೇಕಾಗಿ ಬಂದು ಸ್ವಲ್ಪ ದಣಿವಾಯಿತು. ‘ಹುಲ್ಲು ಈ ಬಾರಿ ಹೆಚ್ಚು ಹಸಿರಾಗಿದೆ’ ಎಂಬ ವಾಕ್ಯ ಯಾವ ವರ್ಷಕ್ಕೂ ಸಲ್ಲುತ್ತದೆ.

ಭಯಾನಕ ಆಟಗಳದ್ದು ಬೇರೆಯೇ ಕಷ್ಟ. ಮೊನ್ನೆ ರಾತ್ರಿ ಎರಡೂವರೆಗೆ ಅಂಥದ್ದೊಂದನ್ನು ಆಡುತ್ತಿದ್ದೆ. ಕೋಣೆಯ ಮೂರೂ ದೀಪ ಹಚ್ಚಿದ್ದೆ, ಟಿವಿಯ ಸದ್ದನ್ನು ಪೂರ್ತಿ ಅಡಗಿಸಿದ್ದೆ, ಕಂಟ್ರೋಲರ್ ನಡುಗಿದರೆ ನಾನೂ ನಡುಗುತ್ತೇನೆಂದು ಅದರ ಕಂಪನವನ್ನೂ ನಿಲ್ಲಿಸಿದ್ದೆ. ಬಾಗಿಲ ಸಂದಿನಲ್ಲಿ ಬಿಳಿ ಕೈಯೊಂದು ಕಾಣಿಸಿದಾಗ ಆಟ ನಿಲ್ಲಿಸಿ ನೀರು ಕುಡಿದು ಬಂದೆ. ಮತ್ತೆ ಕೂತದ್ದು ಬೆಳಗಾದ ಮೇಲೆಯೇ. ‘ಧ್ವನಿವಿನ್ಯಾಸ ಮೈನವಿರೇಳಿಸುತ್ತದೆ, ಕತ್ತಲಲ್ಲಿ ಒಬ್ಬರೇ ಆಡಿ ಅನುಭವಿಸಬೇಕು’ ಎಂದು ಬರೆದಿದ್ದೇನೆ. 9.

ಪಾತ್ರ ವಹಿಸಿ ಆಡುವ ಮಹಾಕಾವ್ಯಗಳಿಗೆ ಮಾತ್ರ ಗಣಿತ ಗೊತ್ತಿರಬೇಕು. ಆಟ ಮುಗಿಯಲು 100 ತಾಸು. ವಿಮರ್ಶೆಗೆ ಗಡುವು ನಾಲ್ಕು ದಿನ, ಅಂದರೆ ನಿದ್ದೆ ಊಟ ಎಲ್ಲ ಬಿಟ್ಟರೂ 96 ತಾಸು. ಉಳಿದ ನಾಲ್ಕು ತಾಸನ್ನು ‘ಅಂತ್ಯವನ್ನು ಇಲ್ಲಿ ಹೇಳಿದರೆ ಓದುಗರ ರಸಭಂಗವಾದೀತು’ ಎಂಬ ವಾಕ್ಯ ಭರಿಸುತ್ತದೆ.

ಇದಕ್ಕೆಲ್ಲ ಮೇಲೊಂದು ಕಾವಲಿದೆ, ಎಂಬಾರ್ಗೊ. ಇಂಥ ದಿನ ಇಂಥ ಗಂಟೆಯವರೆಗೆ ಬಾಯಿ ಬಿಡಬಾರದು ಎಂಬ ಕರಾರು. ಎಷ್ಟನೆಯ ಅಧ್ಯಾಯದವರೆಗೆ ಹೇಳಬಹುದು, ಯಾವ ಪಾತ್ರದ ಹೆಸರು ಎತ್ತಬಾರದು ಎಂಬ ಪಟ್ಟಿಯೂ ಜೊತೆಗೆ ಬರುತ್ತದೆ. ಇದರ ಪರಾಕಾಷ್ಠೆಯನ್ನು 2020ರ ಡಿಸೆಂಬರ್‌ನಲ್ಲಿ ಲೋಕವೇ ಕಂಡಿತು. ಸೈಬರ್‌ಪಂಕ್ 2077 ಎಂಬ ಆಟ ಬಿಡುಗಡೆಯಾಗುವ ಮೊದಲು ವಿಮರ್ಶಕರಿಗೆ ಸಿಕ್ಕಿದ್ದು ಕಂಪ್ಯೂಟರಿನಲ್ಲಿ ಆಡುವ ಪಿಸಿ ಪ್ರತಿ ಮಾತ್ರ. ವಿಡಿಯೊ ವಿಮರ್ಶೆಯಲ್ಲಿ ತಾವು ಆಡಿದ್ದನ್ನು ತೋರಿಸುವಂತಿಲ್ಲ, ಕಂಪನಿ ಕೊಟ್ಟ ದೃಶ್ಯಗಳನ್ನೇ ಹಾಕಬೇಕು. ಹೆಣ್ಣು ನೋಡಲು ಹೋದವರಿಗೆ ಅವಳ ಅಕ್ಕನ ಫೋಟೊ ಕೊಟ್ಟು ಕಳಿಸಿದ ಹಾಗೆ. ಅಂಕಗಳು ಒಂಬತ್ತರ ಆಸುಪಾಸಿನಲ್ಲಿ ಹರಿದವು. ಆಮೇಲೆ ಜನ ಸೋನಿ ಕಂಪನಿಯ ಆಟದ ಯಂತ್ರ ಪ್ಲೇಸ್ಟೇಷನ್ 4ರಲ್ಲಿ ಆಡಿ ನೋಡಿದರೆ ಆಟ ತಡವರಿಸುತ್ತದೆ, ನಡುವೆಯೇ ಕುಸಿದು ಬೀಳುತ್ತದೆ. ಒಂದು ವಾರ ಕಳೆಯುವಷ್ಟರಲ್ಲಿ ಸೋನಿ ಅದನ್ನು ತನ್ನ ಆನ್‌ಲೈನ್ ಅಂಗಡಿಯಿಂದಲೇ ಎತ್ತಿಹಾಕಿ ಹಣ ವಾಪಸು ಕೊಡಲು ನಿಂತಿತು. ಆಟ ಅಲ್ಲಿಗೆ ಮರಳಿದ್ದು 2021ರ ಜೂನ್‌ನಲ್ಲಿ. ಕೊಟ್ಟ ಒಂಬತ್ತುಗಳನ್ನು ವಾಪಸು ಪಡೆಯುವ ಕೌಂಟರ್ ಮಾತ್ರ ಎಲ್ಲೂ ತೆರೆಯಲಿಲ್ಲ.

ದಶಾಂಶದ ಪೀಡೆ ಇನ್ನೊಂದು. 2014ರಲ್ಲಿ ಪೋಕೆಮಾನ್ ಸರಣಿಯ ಒಮೆಗಾ ರೂಬಿ, ಆಲ್ಫಾ ಸಫೈರ್ ಆಟಗಳಿಗೆ ಐಜಿಎನ್ ಎಂಬ ವಿಮರ್ಶಾ ತಾಣ 7.8 ಕೊಟ್ಟು, ಕೊರತೆಗಳ ಸಾಲಿನಲ್ಲಿ ‘ನೀರು ಹೆಚ್ಚಾಯಿತು’ ಎಂದು ಬರೆಯಿತು. ಜಗತ್ತು ಇಂದಿಗೂ ನಗುತ್ತಿದೆ. ನನಗೇನೋ ಆ ದೂರು ನ್ಯಾಯವೆಂದೇ ಅನ್ನಿಸುತ್ತದೆ; ಆ ನಕ್ಷೆಯಲ್ಲಿ ಸಮುದ್ರ ನಿಜಕ್ಕೂ ವಿಪರೀತ. ನನ್ನ ಅನುಮಾನವೇ ಬೇರೆ. 7.8ಕ್ಕೂ 8ಕ್ಕೂ ನಡುವೆ ಉಳಿದ ಆ 0.2 ಎಷ್ಟು ಲೀಟರ್ ನೀರು? ಒಂದು ಕೊಡ ಎತ್ತಿ ಚೆಲ್ಲಿದ್ದರೆ 7.9 ಆಗುತ್ತಿತ್ತೇ?

ನಗುವ ಮೊದಲು ಈ ದಶಾಂಶಗಳಿಂದ ಯಾರ ಮನೆಯ ಒಲೆ ಉರಿಯುತ್ತದೆ ಎಂಬುದನ್ನೂ ನೋಡಬೇಕು. ಮೆಟಾಕ್ರಿಟಿಕ್ ಎಂಬ ತಾಣ ಎಲ್ಲರ ಅಂಕಗಳನ್ನೂ ಒಟ್ಟುಮಾಡಿ ನೂರಕ್ಕೆ ಇಷ್ಟು ಎಂದು ಘೋಷಿಸುತ್ತದೆ. ಯಾವ ಪತ್ರಿಕೆಯ ಮಾತಿಗೆ ಎಷ್ಟು ತೂಕ ಎಂಬುದನ್ನು ಮಾತ್ರ ಬಾಯಿಬಿಡುವುದಿಲ್ಲ. 2010ರ ಫಾಲ್‌ಔಟ್: ನ್ಯೂ ವೇಗಸ್ ಆಟ ಅಲ್ಲಿ 85 ಮುಟ್ಟಿದ್ದರೆ ಅದನ್ನು ತಯಾರಿಸಿದ ಅಬ್ಸಿಡಿಯನ್ ಸಂಸ್ಥೆಗೆ ಬೋನಸ್ ಸಿಗಬೇಕಿತ್ತು. ಅಳೆದೂ ಸುರಿದೂ ಬಂದದ್ದು 84. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಎಲ್ಲೋ ಒಬ್ಬ ವಿಮರ್ಶಕ ಅಂದು ಸರಿಯಾಗಿ ನಿದ್ದೆ ಮಾಡಿರಲಿಲ್ಲವೋ, ಕಾಫಿ ತಣ್ಣಗಾಗಿತ್ತೋ, ಯಾರಿಗೆ ಗೊತ್ತು.

ಓದುಗರೇನು ಕಡಿಮೆಯೇ? ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು. 2020ರ ಜೂನ್ 19ರಂದು ದಿ ಲಾಸ್ಟ್ ಆಫ್ ಅಸ್‌ನ ಎರಡನೆಯ ಭಾಗ ಬಂತು. ಮುಗಿಸಲು 20 ತಾಸಿಗೂ ಹೆಚ್ಚು ಬೇಕಾದ ಆಟ. ಬಂದ ದಿನವೇ ಸಾಲುಗಟ್ಟಿ ಸೊನ್ನೆಗಳು ಬಿದ್ದವು. ಬಳಿಕ ಮೆಟಾಕ್ರಿಟಿಕ್, ಬಿಡುಗಡೆಯಾಗಿ 36 ತಾಸು ಕಳೆಯುವವರೆಗೆ ಸಾರ್ವಜನಿಕರು ಅಂಕ ಕೊಡುವಂತಿಲ್ಲ ಎಂಬ ನಿಯಮ ತಂದಿತು. ಆಡದೆಯೇ ಬೈಯುವವರಿಗೆ ಈಗ ಒಂದೂವರೆ ದಿನ ಯೋಚಿಸಿ ಬೈಯುವ ಸೌಲಭ್ಯವಿದೆ. ಆಡದೆಯೇ ಹೊಗಳುವವರಿಗೂ ಅಷ್ಟೇ.

ನಿನ್ನೆ ಹೊಸ ಕತ್ತಿವರಸೆಯ ಆಟವೊಂದರಲ್ಲಿ ಮೊದಲ ದೈತ್ಯನ ಕೈಯಲ್ಲೇ ನಲವತ್ತು ಸಲ ಸತ್ತೆ. ಕೊನೆಗೆ ಕಂಟ್ರೋಲರನ್ನು ಅಕ್ಕನ ಮಗನಿಗೆ ಕೊಟ್ಟೆ. ಹನ್ನೊಂದು ವರ್ಷದ ಹುಡುಗ, ಎರಡನೆಯ ಯತ್ನಕ್ಕೇ ಮಲಗಿಸಿದ. ನಾನು ಪಕ್ಕದಲ್ಲಿ ಕೂತು ‘ಸವಾಲು ಹದವಾಗಿದೆ’ ಎಂದು ಟಿಪ್ಪಣಿ ಮಾಡಿಕೊಂಡೆ.

“ಮಾವ, ಎಷ್ಟು ಅಂಕ ಕೊಡುತ್ತೀರಿ?”

“ಎಂಟೂವರೆ.”

“ಅದಿರಲಿ, ಆಟ ಚೆನ್ನಾಗಿದೆಯೇ?”

ಗಡಿಯಾರ ನೋಡಿದೆ. ನಾಳೆ ಬೆಳಿಗ್ಗೆ ಎಂಟು ಗಂಟೆಯವರೆಗೆ ಅದನ್ನು ಹೇಳಲು ನನಗೆ ಅನುಮತಿ ಇಲ್ಲ ಎಂದೆ.