ಆ ಬಣ್ಣದ ವಿಡಿಯೊದಲ್ಲಿರುವುದು ಗಾಂಧೀಜಿ ಅಲ್ಲ

‘ದಂಡಿಯಲ್ಲಿ ಗಾಂಧೀಜಿ ಉಪ್ಪು ಎತ್ತಿದ ಅಸಲಿ ವಿಡಿಯೊ, 1930’ ಅಂತ ಬಣ್ಣದ ತುಣುಕೊಂದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಅದು ಅಸಲಿ ಅಲ್ಲ. ರಿಚರ್ಡ್ ಅಟೆನ್‌ಬರೊ ನಿರ್ದೇಶಿಸಿದ, 1982ರಲ್ಲಿ ತೆರೆಕಂಡ ‘ಗಾಂಧಿ’ ಸಿನಿಮಾದ ದೃಶ್ಯ. ಅದರಲ್ಲಿರುವವರು ಬೆನ್ ಕಿಂಗ್‌ಸ್ಲಿ. ರಂಗಭೂಮಿಯಲ್ಲಿ ಪಳಗಿದ ಈ ಬ್ರಿಟಿಷ್ ನಟನಿಗೆ ಆಸ್ಕರ್ ಬಂದಿದ್ದೇ ಈ ಪಾತ್ರಕ್ಕೆ. ನಡಿಗೆ, ನಗು, ಕೂರುವ ರೀತಿ ಎಲ್ಲವೂ ಅಷ್ಟು ಹೋಲುತ್ತವೆ. ನಂಬಿದವರದು ತಪ್ಪಲ್ಲ. ಆದರೆ ಸಿನಿಮಾದ ಉಪ್ಪಿನ ದೃಶ್ಯವನ್ನು ಪಕ್ಕದಲ್ಲಿಟ್ಟು ನೋಡಿ, ಎರಡೂ ಒಂದೇ.

1930ರ ಏಪ್ರಿಲ್ 6ರಂದು ಗಾಂಧೀಜಿ ಉಪ್ಪು ಎತ್ತಿದ್ದು ನಿಜ. ಆ ಯಾತ್ರೆಯ ಹಳೆಯ ಸುದ್ದಿಚಿತ್ರಗಳು ಕಪ್ಪು-ಬಿಳುಪಿನವು. ಕಿಂಗ್‌ಸ್ಲಿ ಅಭಿನಯ ಇಷ್ಟವಾದರೆ ಸಿನಿಮಾದ ಹೆಸರು ಹಾಕಿಯೇ ಹಂಚಿ. ‘ಅಸಲಿ’ ಅನ್ನುವ ಈ ಸಂದೇಶವನ್ನು ಮಾತ್ರ ದಯವಿಟ್ಟು ಫಾರ್ವರ್ಡ್ ಮಾಡಬೇಡಿ.