ಕಾರ್ಯವಾಸಿ ಕತ್ತೆಕಾಲು

ಲೆಕ್ಕ ಬರೆಯುವ ಕೆಲಸ ಎಂದು ಹೇಳಿಯೇ ನನ್ನನ್ನು ಕರೆದಿದ್ದರು. ಅಮರಾಪುರದ ಕಡೆ ಒಂದು ಹುಣಸೆ ತೋಪು, ಅದರೊಳಗೆ ದಿಕ್ಕಿಲ್ಲದ ಹದಿನಾಲ್ಕು ಕತ್ತೆಗಳಿಗೆ ಆಶ್ರಯ. ಮೇವಿನ ಖರ್ಚು, ಔಷಧಿಯ ಖರ್ಚು ಬರೆದಿಟ್ಟರೆ ಸಾಕು, ಮಿಕ್ಕದ್ದನ್ನೆಲ್ಲ ಅಜ್ಜಿ ನೋಡಿಕೊಳ್ಳುತ್ತಾಳೆ ಎಂದಿದ್ದರು. ಮೂರನೆಯ ದಿನ ಅಜ್ಜಿ ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ಕತ್ತೆಯ ಹಿಂಗಾಲು ಕೊಟ್ಟಳು.

ಕಾರ್ಯವಾಸಿ ಕತ್ತೆಕಾಲು ಹಿಡಿ ಎಂಬ ಗಾದೆ ಕಟ್ಟಿದ ಪುಣ್ಯಾತ್ಮ ಒಮ್ಮೆಯೂ ಕತ್ತೆಯ ಕಾಲು ಹಿಡಿದವನಲ್ಲ ಎಂಬುದು ನನಗೆ ಅಂದೇ ಖಾತ್ರಿಯಾಯಿತು. ಗೊರಸು ನಮ್ಮ ಉಗುರಿನಂತೆ ಬೆಳೆಯುತ್ತಲೇ ಇರುತ್ತದೆ. ಆರೆಂಟು ವಾರಕ್ಕೊಮ್ಮೆ ಕತ್ತರಿಸಿ ಅರದಿಂದ ಉಜ್ಜದಿದ್ದರೆ ಜಾತ್ರೆಯ ನಾಟಕದ ರಾಜನ ಜೋಡಿನಂತೆ ಮೂತಿ ಮೇಲಕ್ಕೆ ಸುರುಳಿಕೊಳ್ಳುತ್ತದೆ. ಇಟ್ಟಿಗೆ ಗೂಡಿನಿಂದ ಬಂದ ಗಂಗೆಯದು ಹಾಗೆಯೇ ಇತ್ತು. ಒದ್ದಾಳು ಎಂದು ಹೆದರುತ್ತಲೇ ಅವಳ ಕಾಲನ್ನೆತ್ತಿ ತೊಡೆಗಳ ನಡುವೆ ಸಿಕ್ಕಿಸಿಕೊಂಡೆ. ಒದೆಯಲಿಲ್ಲ. ದೀರ್ಘವಾಗಿ ನಿಟ್ಟುಸಿರು ಬಿಟ್ಟು, ಮೂರು ಕಾಲಿನ ಮೇಲೆ ನಿಲ್ಲುವ ಶ್ರಮ ಯಾರಿಗೆ ಬೇಕು ಎಂಬಂತೆ ನನ್ನ ಮೇಲೆ ಒರಗಿಕೊಂಡಳು. 1965ರ ಕೇಂದ್ರ ನಿಯಮದ ಪ್ರಕಾರ ಕತ್ತೆಯ ಬೆನ್ನಿಗೆ 50 ಕಿಲೋ ಮೀರಿ ಹೇರುವಂತಿಲ್ಲ. ಗುಮಾಸ್ತನ ಬೆನ್ನಿಗೆ ಕತ್ತೆ ಎಷ್ಟು ಹೇರಬಹುದು ಎಂಬ ಬಗ್ಗೆ ಆ ನಿಯಮ ತುಟಿ ಬಿಚ್ಚುವುದಿಲ್ಲ.

ನಾಲ್ಕು ಕಾಲು ಮುಗಿಸಿ ಸೊಂಟ ನೆಟ್ಟಗೆ ಮಾಡಿಕೊಂಡು ತಿರುಗಿದರೆ, ಗೌರಿ ಜೂನ್ ತಿಂಗಳ ಲೆಕ್ಕವನ್ನು ಮೆಲ್ಲುತ್ತ ನಿಂತಿದ್ದಳು. ಹಾಳೆಗಳ ಬೆಲೆಯನ್ನು ಮೇವಿನ ಖಾತೆಗೆ ಹಾಕಿದೆ.

ಗಂಗೆ, ಗೌರಿ ಎಂದು ಹೆಸರಿಟ್ಟವರಿಗೆ ಸವತಿ ಮಾತ್ಸರ್ಯದ ತಮಾಷೆ ಬೇಕಿತ್ತೋ ಏನೋ. ಆದರೆ ಇವರು ಒಂದೇ ಗೂಡಿನಲ್ಲಿ ಇಟ್ಟಿಗೆ ಹೊತ್ತ ಜೋಡಿ, ಒಬ್ಬಳನ್ನು ಬಿಟ್ಟು ಇನ್ನೊಬ್ಬಳು ನೀರೂ ಕುಡಿಯುವುದಿಲ್ಲ. ಇದನ್ನು ಮುದ್ದು ಎಂದು ನಕ್ಕು ಸುಮ್ಮನಿರುವಂತೆಯೂ ಇಲ್ಲ. ಜೊತೆ ತಪ್ಪಿದ ಕೊರಗಿಗೆ ಕತ್ತೆ ಮೇವು ಬಿಟ್ಟರೆ ಮೈಯ ಕೊಬ್ಬು ಕರಗಿ ರಕ್ತಕ್ಕೆ ಇಳಿದು ಪ್ರಾಣಕ್ಕೇ ಕುತ್ತು. ಹಾಗಾಗಿ ನಮ್ಮಲ್ಲಿ ಒಬ್ಬಳಿಗೆ ಸೂಜಿ ಎಂದರೆ ಟೆಂಪೋದಲ್ಲಿ ಇಬ್ಬರಿಗೂ ಜಾಗ.

ಆ ವರ್ಷ ಮಳೆ ಕೈಕೊಟ್ಟಿತು. ನಮ್ಮ ಮಡಕಶಿರಾ ಸೀಮೆಯನ್ನು ನಕ್ಷೆಯಲ್ಲಿ ನೋಡಬೇಕು, ಆಂಧ್ರದ ಒಂದು ಬೆರಳು ತುಮಕೂರು ಜಿಲ್ಲೆಯೊಳಗೆ ಚಾಚಿಕೊಂಡಂತಿದೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು. ಮೋಡ ಮಾತ್ರ ಎರಡು ಭಾಷೆಗೂ ಓಗೊಡುವುದಿಲ್ಲ. ಕಡಲೆಕಾಯಿ ಬಿತ್ತಿ ಆಕಾಶ ನೋಡುತ್ತ ಕುಳಿತ ಪಕ್ಕದ ಊರಿನವರು ಗೌಡರನ್ನು ಮುಂದಿಟ್ಟುಕೊಂಡು ಬಂದರು. ಮಳೆಗಾಗಿ ಕತ್ತೆ ಮದುವೆ ಮಾಡಬೇಕು, ಒಂದು ಗಂಡು, ಒಂದು ಹೆಣ್ಣು ಕೊಡಿ ಎಂದರು.

"ನಾಲ್ಕು ಊರು ಅಲೆದೆವು ಸ್ವಾಮಿ. ಮಡಿವಾಳರ ಮನೆಯ ಮುಂದೆಯೂ ಮೋಟಾರ್ ಬೈಕ್ ನಿಂತಿದೆ. ಕತ್ತೆ ಎಂಬುದೇ ಇಲ್ಲ."

ಗೌಡರ ಮಾತು ಸುಳ್ಳಲ್ಲ. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಮೂರು ಲಕ್ಷಕ್ಕೂ ಹೆಚ್ಚಿದ್ದ ಕತ್ತೆಗಳು 2019ಕ್ಕೆ 1.2 ಲಕ್ಷಕ್ಕೆ ಇಳಿದಿದ್ದವು. ಹೊರೆಯ ಕೆಲಸ ತಪ್ಪಿತು. ಚರ್ಮಕ್ಕೆ, ಮಾಂಸಕ್ಕೆ ಹೋದವೂ ಉಂಟು. ಮದುವೆಗೆ ಹೆಣ್ಣು ಸಿಗದ ಕಷ್ಟ ನಮ್ಮ ಹುಡುಗರಿಗೆ ಮಾತ್ರವಲ್ಲ.

ಹೆಣ್ಣಿನ ಕಡೆಯೂ ನಾವೇ, ಗಂಡಿನ ಕಡೆಯೂ ನಾವೇ ಆದ್ದರಿಂದ ಅಜ್ಜಿ ಶರತ್ತು ಹಾಕುವುದರಲ್ಲಿ ಜಿಪುಣತನ ಮಾಡಲಿಲ್ಲ. ತಮಟೆ ಬಾರಿಸಬಾರದು. ಪಟಾಕಿ ಹಚ್ಚಬಾರದು. ಹೋಳಿಗೆ ತಿನ್ನಿಸಬಾರದು, ಒಣಮೇವಿಗೆ ಒಗ್ಗಿದ ಹೊಟ್ಟೆ ಅದು, ಸಿಹಿ ಹೆಚ್ಚಾದರೆ ಗೊರಸಿನೊಳಗೆ ಉರಿ ಬಂದು ನಿಲ್ಲಲೂ ಆಗುವುದಿಲ್ಲ. ಎಲ್ಲದಕ್ಕೂ ಒಪ್ಪಿದರು. ವರ ಕೆಂಚನಿಗೆ ಹಿಂದೆಯೇ ಬೀಜ ತೆಗೆಸಿದ ಸಂಗತಿಯನ್ನು ಅವರು ಕೇಳಲಿಲ್ಲ, ನಾವು ಹೇಳಲಿಲ್ಲ. ಸಂಬಂಧ ಕುದುರಿಸುವಾಗ ಇಷ್ಟು ಮುಚ್ಚುಮರೆ ಎಲ್ಲ ಮನೆಗಳಲ್ಲೂ ಇರುತ್ತದೆ.

ಮದುಮಗಳು ಗಂಗೆ. ಗಂಗೆ ಹೊರಟ ಮೇಲೆ ಗೌರಿಯೂ ಹೊರಟಳು. ಮೂರು ಕತ್ತೆಗಳನ್ನು ಕಂಡ ಪುರೋಹಿತರು ಮಂಟಪದಲ್ಲಿಯೇ ತಕರಾರು ತೆಗೆದರು: "ಗಂಗೆ, ಗೌರಿ ಇಬ್ಬರನ್ನೂ ಕಟ್ಟಿಕೊಂಡು ಬಾಳಿದವನು ಶಿವನೊಬ್ಬನೇ. ಈ ಬಡಪಾಯಿಯ ಕೈಲಿ ಆಗದು, ಒಬ್ಬಳನ್ನು ಆಚೆ ಕಟ್ಟಿ." ಗೌರಿಯನ್ನು ಬೇವಿನ ಮರಕ್ಕೆ ಕಟ್ಟಿದೆವು.

ಬಾಸಿಂಗ ಕಟ್ಟಿಸಿಕೊಂಡ ಕೆಂಚ ನಿಜಕ್ಕೂ ಮದುಮಗನಂತೆಯೇ ಕಂಡ, ಅಂದರೆ ಏನು ನಡೆಯುತ್ತಿದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಹಾರ ಬದಲಾಯಿಸುವಾಗ ಗಂಗೆ ವರನ ಕೊರಳಿನ ಚೆಂಡುಹೂವನ್ನು ಒಂದೊಂದಾಗಿ ತಿಂದು ಬರೀ ದಾರವನ್ನು ಅವನಿಗೆ ಉಳಿಸಿದಳು. ಅರಿಶಿನದ ಕೊಂಬು ಕಟ್ಟುವ ಹೊತ್ತಿಗೆ ಸರಿಯಾಗಿ ಬೇವಿನ ಮರದ ಕಡೆಯಿಂದ ಗೌರಿ ಶುರು ಮಾಡಿದಳು. ಕತ್ತೆ ಉಸಿರು ಎಳೆಯುವಾಗಲೂ ಕೂಗುತ್ತದೆ, ಬಿಡುವಾಗಲೂ ಕೂಗುತ್ತದೆ, ನಡುವೆ ಮಂತ್ರ ತೂರಿಸಲು ಸಂದಿಯೇ ಇಲ್ಲ. ಪುರೋಹಿತರ ಬಾಯಿ ಆಡುತ್ತಿದ್ದುದು ಕಾಣುತ್ತಿತ್ತು, ಅಷ್ಟೆ.

ದೇವರಿಗೆ ಯಾವುದು ಕೇಳಿಸಿತೋ, ನಾಲ್ಕು ದಪ್ಪ ಹನಿ ಬಿದ್ದವು. ಜನ "ಗೋವಿಂದಾ" ಎಂದು ಕೈ ಮೇಲೆತ್ತಿದರು. ವಧೂವರರು ಎದ್ದು ಓಡಿದರು.

ಕತ್ತೆಯ ಮೂಲ ಆಫ್ರಿಕದ ಒಣನೆಲ. ಅದರ ಮೈಗೂದಲು ಕುದುರೆಯದರಂತೆ ನೀರನ್ನು ಜಾರಿಸುವುದಿಲ್ಲ, ಬಟ್ಟೆಯಂತೆ ಹೀರುತ್ತದೆ. ಮಳೆ ಎಂದರೆ ಅದಕ್ಕೆ ಆಗದು. ಇಡೀ ಪ್ರಾಣಿಕೋಟಿಯಲ್ಲಿ ಮಳೆ ಬೇಡಲು ನಮ್ಮ ಹಿರಿಯರು ಇದನ್ನೇ ಆರಿಸಿದ್ದಾರೆ! ಗಂಗೆ, ಕೆಂಚ ಮತ್ತು ಹಗ್ಗ ಕಿತ್ತುಕೊಂಡ ಗೌರಿ ಮೂವರೂ ಹತ್ತಿರದ ಸೂರು ಎಂದು ಗೌಡರ ಪಡಸಾಲೆಗೆ ನುಗ್ಗಿ, ಒಣಗಲು ಹಾಕಿದ್ದ ರಾಗಿಯ ಮೇಲೆ ನಿಂತರು.

ಮಳೆ ಹತ್ತು ನಿಮಿಷಕ್ಕೆ ನಿಂತಿತು. ಆಚೆ ಶಿರಾ ಕಡೆ ಮಾತ್ರ ಬದು ಒಡೆಯುವಷ್ಟು ಸುರಿಯಿತಂತೆ. ಖರ್ಚು ಆಂಧ್ರದ್ದು, ಫಲ ಕರ್ನಾಟಕಕ್ಕೆ ಎಂದು ಊರಿನವರು ಇವತ್ತಿಗೂ ಗೊಣಗುತ್ತಾರೆ.

ಕತ್ತೆಗಳು ಹೊರಗೆ ಬರಲಿಲ್ಲ. ಹೊಸ್ತಿಲ ಮುಂದೆ ಒಂದು ಮೊಳದಗಲ ನೀರು ನಿಂತಿತ್ತು, ತಳ ಕಾಣದ ನೀರಿಗೆ ಕತ್ತೆ ಕಾಲಿಡುವುದಿಲ್ಲ. ಎಳೆದೆವು, ತಳ್ಳಿದೆವು, ಬೆಲ್ಲ ತೋರಿಸಿದೆವು. ಒಳಗಿನಿಂದ ಗೌಡರ ಸೊಸೆ ರಾಗಿ, ರಾಗಿ ಎಂದು ಕೂಗುತ್ತಿದ್ದಳು. ಕೊನೆಗೆ ಅಜ್ಜಿ ಹೇಳಿದಳು: "ಒಂದೊಂದೇ ಕಾಲು ಎತ್ತಿ ಆಚೆ ಇಡಬೇಕು. ಗೌಡರೇ, ಆ ಮುಂಗಾಲು ಹಿಡಿಯಿರಿ."

ಗೌಡರು ಸುತ್ತ ನೋಡಿದರು. ಇಡೀ ಊರು ಸೂರಿನಡಿ ನಿಂತು ನೋಡುತ್ತಿತ್ತು. "ವಸುದೇವನೇ ಹಿಡಿದಿದ್ದಾನೆ, ನಿಮ್ಮದೇನು" ಎಂದು ಯಾರೋ ಹಿಂದಿನಿಂದ ಧೈರ್ಯ ಹೇಳಿದರು. ಗೌಡರು ಪಂಚೆ ಎತ್ತಿ ಕಟ್ಟಿ, ಕುಕ್ಕರಗಾಲಿನಲ್ಲಿ ಕುಳಿತು, ಗಂಗೆಯ ಕಾಲನ್ನು ಎರಡೂ ಕೈಯಲ್ಲಿ ಎತ್ತಿದರು. ಗಂಗೆ ದೀರ್ಘವಾಗಿ ನಿಟ್ಟುಸಿರು ಬಿಟ್ಟಳು.

ಆ ನಿಟ್ಟುಸಿರು ನನಗೆ ಗೊತ್ತಿತ್ತು. "ಗೌಡರೇ, ಕಂಬ ಹಿಡಿದುಕೊಳ್ಳಿ" ಎಂದು ಕೂಗುವಷ್ಟರಲ್ಲಿ ಅವಳು ಒರಗಿಯಾಗಿತ್ತು.