ಅವ್ವನ ಕಸಬರಿಗೆ, ನನ್ನ ಓಕ್ ಎಲೆ

"ಯಾಕೋ ತಮ್ಮಾ, ಹೂವೆಲ್ಲಾ ತಲಿ ತೆಗ್ಗಿಸ್ಯಾವಲ್ಲೊ? ನೀರು ಹಾಕಿಲ್ಲೇನು?"

ವಿಡಿಯೊ ಕಾಲ್‌ನಲ್ಲಿ ಅವ್ವ ಕೇಳಿದ್ದು. ಜನವರಿ ತಿಂಗಳು. ಕೊಪ್ಪಳದಲ್ಲಿ ಗವಿಮಠದ ಜಾತ್ರೆಯ ಗದ್ದಲ. ಇಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನಮ್ಮ ಹಿತ್ತಲು ಹಿಮಗಟ್ಟಿ ಬೆಳ್ಳಗಾಗಿತ್ತು. ಓಕ್ ಮರದ ಬುಡದಲ್ಲಿ ಹೆಲೆಬೋರ್ ಅನ್ನುವ ಗಿಡ ಮಾತ್ರ ಹೂ ಬಿಟ್ಟು ನಿಂತಿತ್ತು. ನಿಂತಿತ್ತು ಅನ್ನೋದು ಸುಳ್ಳು, ಮಲಗಿತ್ತು. ಹಿಮ ಜಾಸ್ತಿ ಬಿದ್ದ ಬೆಳಿಗ್ಗೆ ಇದು ದಂಟು ಸಮೇತ ನೆಲಕ್ಕೆ ಒರಗುತ್ತದೆ. ಸತ್ತೇ ಹೋಯಿತು ಅನಿಸುತ್ತದೆ. ಮಧ್ಯಾಹ್ನ ಸ್ವಲ್ಪ ಬೆಚ್ಚಗಾದರೆ ತಾನೇ ಏಳುತ್ತದೆ. ಎದ್ದ ಮೇಲೂ ಹೂವಿನ ಮುಖ ನೆಲದ ಕಡೆಗೇ. ಹಾಗಿದ್ದರೆ ಮಳೆ ನೀರು ಒಳಗಿನ ಪರಾಗಕ್ಕೆ ತಾಗುವುದಿಲ್ಲ.

ಇದರ ಬಿಳಿ ಜಾತಿಗೆ ಇಲ್ಲಿಯವರು ಕ್ರಿಸ್‌ಮಸ್ ರೋಜ್ ಅನ್ನುತ್ತಾರೆ. ಗುಲಾಬಿಗೂ ಇದಕ್ಕೂ ಯಾವ ನಂಟೂ ಇಲ್ಲ. ನಂಟು ಹುಡುಕುವುದಾದರೆ ನಾವು ಕಲೌಂಜಿ ಅಂತ ತರುವ ಕರಿಜೀರಿಗೆಯೇ ಹತ್ತಿರ, ಎರಡೂ ಒಂದೇ ಕುಟುಂಬ. ಬಣ್ಣ ಕಾಣುವುದು ಎಸಳಲ್ಲ, ಹೊರಗಿನ ಪುಷ್ಪಪತ್ರ. ನಿಜವಾದ ಎಸಳು ಕುಗ್ಗಿ, ಒಳಗೆ ಮಕರಂದ ತುಂಬಿದ ಸಣ್ಣ ಕೊಳವೆಗಳಾಗಿವೆ. ನಮ್ಮೂರ ಕಾಂಪೌಂಡಿನ ಮೇಲೆ ಹಬ್ಬುವ ಕಾಗದದ ಹೂವಿನಲ್ಲೂ ಬಣ್ಣದ್ದು ಎಸಳಲ್ಲ ಅಲ್ವಾ, ಹಾಗೇ. ಅದಕ್ಕೇ ಈ ಹೂ ಬೇಗ ಉದುರುವುದಿಲ್ಲ. ಎರಡು ತಿಂಗಳಾದರೂ ಗಿಡದಲ್ಲಿರುತ್ತದೆ.

ಮೊದಲ ವರ್ಷ ನಾನು ಊರಿನ ಚಾಳಿಯಂತೆ ನಾಲ್ಕು ಹೂ ಕಿತ್ತು ದೇವರ ಮುಂದೆ ಇಟ್ಟೆ. ಸಂಜೆಗೆ ಬಾಡಿ ಜೋತು ಬಿದ್ದವು. ಇಲ್ಲಿಯವರು ದಂಟು ಬಿಟ್ಟು ಹೂವಷ್ಟೇ ಕಿತ್ತು, ಅಗಲ ಬಟ್ಟಲಿನ ನೀರಿನ ಮೇಲೆ ತೇಲಿಬಿಡುತ್ತಾರೆ. ಆಗ ಕೆಲವು ದಿನ ಬಾಳುತ್ತದೆ, ಮುಖವೂ ಕಾಣುತ್ತದೆ. ಗಿಡವೆಲ್ಲ ವಿಷ, ರಸ ತಾಗಿದರೆ ಚರ್ಮ ಉರಿಯುತ್ತದೆ. ಕಣಗಿಲದ ಜೊತೆ ಬೆಳೆದವನಿಗೆ ಇದೇನು ಹೊಸದಲ್ಲ. ಆದರೂ ಕತ್ತರಿಸುವಾಗ ಗ್ಲೌಸ್ ಹಾಕುತ್ತೇನೆ.

ನನಗೆ ಹೂವಿಗಿಂತ ತಲೆ ಕೆಡಿಸಿದ್ದು ನೆರಳು. ಕೊಪ್ಪಳದಲ್ಲಿ ನೆರಳು ಅಂದರೆ ಮನುಷ್ಯರದ್ದು. ಬೇವಿನ ಕೆಳಗೆ ಹೊರಸು, ನೀರಿನ ಕೊಡ, ಮಧ್ಯಾಹ್ನದ ಹರಟೆ. ಬೇವು ಶಿವರಾತ್ರಿ ಹೊತ್ತಿಗೆ ಎಲೆ ಉದುರಿಸಿ, ಯುಗಾದಿಗೆ ಚಿಗುರಿ, ನಲವತ್ತು ಡಿಗ್ರಿಯ ಬಿಸಿಲು ಬರುವಷ್ಟರಲ್ಲಿ ಚಪ್ಪರ ಕಟ್ಟಿರುತ್ತದೆ. ಇಲ್ಲಿಯ ಓಕ್ ಲೆಕ್ಕವೇ ಬೇರೆ. ನವೆಂಬರಿನಲ್ಲಿ ಬರಿದಾದರೆ ಏಪ್ರಿಲ್ ಮುಗಿಯುವತನಕ ಬೋಳು. ಡಿಸೆಂಬರಿನಲ್ಲಿ ಹಗಲು ಎಂಟು ತಾಸೂ ಇರುವುದಿಲ್ಲ. ಇರುವಷ್ಟು ಬೆಳಕು ಬೋಳು ಕೊಂಬೆಗಳ ಸಂದಿಯಿಂದ ನೆಲಕ್ಕೆ ಇಳಿದಾಗಲೇ ಹೆಲೆಬೋರ್ ಹೂ ಬಿಟ್ಟು ಮುಗಿಸಬೇಕು. ಬೇಸಿಗೆಯಲ್ಲಿ ಮರ ಕೊಡೆ ಹಿಡಿಯುತ್ತದೆ. ಹೂ ಬಿಡುವಾಗ ಬೆಳಕು, ಬಿಸಿಲು ಏರಿದಾಗ ನೆರಳು. ನೆರಳಿನ ಗಿಡ ಅಂದರೆ ಕತ್ತಲಲ್ಲಿ ಬೆಳೆಯುವ ಗಿಡ ಅಂತ ನಾನು ತಿಳಿದಿದ್ದೆ.

ಆ ಓಕ್ ಉದುರಿಸಿದ ಎಲೆಯೇ ಇದರ ಊಟ. ಒದ್ದೆ ಎಲೆಯನ್ನು ದೊಡ್ಡ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಅಲ್ಲಲ್ಲಿ ತೂತು ಹಾಕಿ, ಮೂಲೆಯಲ್ಲಿ ಇಟ್ಟು ಮರೆಯುವುದು. ಎರಡು ವರ್ಷಕ್ಕೆ ಕಪ್ಪಗೆ, ಚಹಾಪುಡಿಯ ಹಾಗೆ ಉದುರುದುರಾಗಿ ಬರುತ್ತದೆ. ಅದನ್ನು ಗಿಡದ ಸುತ್ತ ಹರಡಿದರೆ ನೀರು ನಿಲ್ಲುವುದೂ ಇಲ್ಲ, ಮಣ್ಣು ಒಣಗುವುದೂ ಇಲ್ಲ. ಇದನ್ನು ಕಂಡ ಮೇಲೆ ಊರಿಗೆ ಹೋದಾಗ ಸುಮ್ನೆ ಇರಲಾಗಲಿಲ್ಲ. ಅವ್ವ ದಿನಾ ಬೆಳಿಗ್ಗೆ ಬೇವಿನ ಎಲೆ ಗುಡಿಸಿ ಗುಡ್ಡೆ ಮಾಡಿ ಸಂಜೆ ಬೆಂಕಿ ಹಚ್ಚುತ್ತಾಳೆ. ಆಮೇಲೆ ಹೂವಿನ ಕುಂಡಕ್ಕೆ ದುಡ್ಡು ಕೊಟ್ಟು ಸರ್ಕಾರಿ ಗೊಬ್ಬರ ತರಿಸುತ್ತಾಳೆ! "ಬಂಗಾರ ಸುಡಾಕತ್ತಿಯಲ್ಲಬೇ" ಅಂದೆ.

"ಎಲಿ ರಾಶಿಯೊಳಗ ಚೇಳು ಕುಂತಿರ್ತಾವು. ನಿಮ್ಮ ಲಂಡನ್ನಿನ್ಯಾಗ ಅದಾವೇನು?"

ಲೀಡ್ಸ್ ಅಂತ ತಿದ್ದುವ ಧೈರ್ಯ ಬರಲಿಲ್ಲ. ಅವಳ ಮಾತು ಖರೇನೇ. ಬೇವಿನ ಹೊಗೆಗೆ ಸೊಳ್ಳೆಯೂ ದೂರ. ನಮ್ಮ ಒಣ ಹವೆಯಲ್ಲಿ ಎಲೆ ಹಾಗೇ ಬಿಟ್ಟರೆ ಕೊಳೆಯುವುದಿಲ್ಲ, ಹಪ್ಪಳವಾಗಿ ಗಾಳಿಗೆ ಹಾರುತ್ತದೆ, ಇಲ್ಲವೇ ಗೆದ್ದಲಿಗೆ ಹೋಗುತ್ತದೆ. ಇನ್ನು ಇಲ್ಲಿಯವರೂ ಎಲ್ಲ ಎಲೆಯನ್ನೂ ಬಿಡುವುದಿಲ್ಲ. ಹೆಲೆಬೋರಿನದೇ ಹಳೆ ಎಲೆಯನ್ನು ಮೊಗ್ಗು ಏಳುವ ಮುಂಚೆ ಬುಡಕ್ಕೇ ಕತ್ತರಿಸಿ ದೂರ ಎಸೆಯುತ್ತಾರೆ, ಎಲೆಚುಕ್ಕೆ ರೋಗ ಹೊಸ ಚಿಗುರಿಗೆ ಹತ್ತಬಾರದು ಅಂತ. ಯಾವುದನ್ನು ಗುಡಿಸಬೇಕು ಅನ್ನುವ ಲೆಕ್ಕ ಅವರಿಗೂ ಇದೆ, ಅವ್ವನಿಗೂ ಇದೆ. ಆದರೂ ಸುಡುವುದನ್ನು ನಾನು ಒಪ್ಪುವುದಿಲ್ಲ. ಬೇವಿನ ಬುಡದವರೆಗೂ ಟೈಲ್ಸ್ ಹಾಕಿಸುವ ಈಗಿನ ಶೋಕಿಯನ್ನಂತೂ ಒಪ್ಪುವುದೇ ಇಲ್ಲ. ಮರ ಉಸಿರಾಡೋದು ಬ್ಯಾಡವೇನು?

ನನ್ನ ತಮ್ಮ ಹೆಲೆಬೋರ್ ಬೀಜ ಕೇಳಿದ. ಕೊಡಲಿಲ್ಲ. ಬೀಜ ಮೊದಲು ಬೆಚ್ಚಗಿನ ತಿಂಗಳು ಕಳೆದು, ಆಮೇಲೆ ಚಳಿ ಉಂಡು ಮೊಳೆಯುವಂಥದ್ದು. ಹೂವಿಗೆ ಮತ್ತೆ ಎರಡು ಮೂರು ವರ್ಷ. ಕೊಪ್ಪಳದ ನೆಲಕ್ಕೆ ಆ ಚಳಿ ಎಲ್ಲಿಂದ ತರೋಣ? ಅರೆ ನೆರಳಿಗೆ ನಮ್ಮಲ್ಲಿ ಕನಕಾಂಬರ ಇದೆ. ಮುಡಿಯಲಿಕ್ಕೂ ಬರುತ್ತದೆ.

ಕೊನೆಗೆ ಮನೆಯಿಂದ ದೂರ, ಹಿತ್ತಲ ತುದಿಗೆ ಮೊಣಕಾಲುದ್ದ ಗುಂಡಿ ತೋಡಿದೆವು. ಹೊಲದಲ್ಲಿ ತಿಪ್ಪೆ ಮಾಡುವುದು ಅವ್ವನಿಗೆ ನಾನು ಹೇಳಿಕೊಡಬೇಕಿರಲಿಲ್ಲ. ಒಂದು ಪದರ ಎಲೆ, ಮೇಲೆ ಸಗಣಿ ನೀರು, ಮತ್ತೆ ಎಲೆ, ಮೇಲೊಂದು ಹಳೆ ತಗಡು. ಒಂದು ಪಾಲು ಎಲೆ ಸಂಜೆಯ ಹೊಗೆಗೆ ಅಂತ ಇಟ್ಟುಕೊಂಡಳು. ನಾನು ಬಾಯಿ ಮುಚ್ಚಿಕೊಂಡೆ. ಈ ಜಾತ್ರೆಗೆ ವೈನಿ ವಿಡಿಯೊ ಕಳಿಸಿದ್ದರು. ಅವ್ವ ಕನಕಾಂಬರಕ್ಕೆ ಹಾಕಲು ಗೊಬ್ಬರ ತೆಗೆಯುತ್ತಿದ್ದಳು. ತಗಡು ಸರಿಸಿ, ಕೋಲಿನಿಂದ ಎರಡು ಸಲ ಕೆದಕಿ, ಬಗ್ಗಿ ನೋಡಿ, ಆಮೇಲೆ ಕೈ ಹಾಕಿದಳು.